ಚೆಂಡು ಏಳಲ್ಲ, ನಾವೇ ಬಗ್ಗಬೇಕು

ಹುಲ್ಲಿನ ಕೋರ್ಟಿನಲ್ಲಿ ನನಗೆ ಬಂದ ಮೊದಲ ಚೆಂಡು ರಾಕೆಟ್ಟಿನ ಕೆಳಗೆ ನುಸುಳಿ ಹೋಯಿತು. ಎರಡನೆಯದೂ ಹಾಗೇ. ಮೂರನೆಯದು ರಾಕೆಟ್ಟಿನ ಅಂಚಿಗೆ ತಗುಲಿ ಪಕ್ಕದ ಕೋರ್ಟಿಗೆ ಹಾರಿತು. ಆಗ ನನಗೆ 41 ವರ್ಷ. ದಾವಣಗೆರೆಯ ಮಣ್ಣಿನ ಕೋರ್ಟಿನಲ್ಲಿ 25 ವರ್ಷ ಆಡಿದ್ದವನು. ಬ್ಯಾಂಕಿನವರು ಕೋಲ್ಕತ್ತಕ್ಕೆ ವರ್ಗ ಮಾಡಿದ್ದರು. ಅಲ್ಲಿ ಚಳಿಗಾಲದಲ್ಲಿ ಹುಲ್ಲಿನ ಮೇಲೆ ಟೆನಿಸ್ ಆಡುತ್ತಾರೆ ಅಂತ ಕೇಳಿ, ಅಲ್ಲಿಗೆ ಹೋದ ವಾರವೇ ಒಂದು ಕ್ಲಬ್ಬಿಗೆ ಸೇರಿದ್ದೆ.

ಕೋರ್ಟ್ ನೋಡಿದ ಕೂಡಲೇ ಬಗ್ಗಿ ಹುಲ್ಲು ಮುಟ್ಟಿದೆ. ಗರಿಕೆ! ನಾವು ಗಣಪತಿಗೆ ಏರಿಸುವ ಅದೇ ಗರಿಕೆ. ಚಾಪೆ ಹಾಸಿದ ಹಾಗೆ ಒತ್ತಾಗಿ ಹಬ್ಬಿಸಿ, ಸಣ್ಣಗೆ ಕತ್ತರಿಸಿ, ರೋಲರ್ ಎಳೆದಿದ್ದರು. ವಿಂಬಲ್ಡನ್ನಿನದು ಬೇರೆ ಜಾತಿ. ಅಲ್ಲಿ 2001ರಿಂದ ಪೂರ್ತಿ ರೈ ಹುಲ್ಲು, ಪಂದ್ಯಾವಳಿ ಹೊತ್ತಿಗೆ 8 ಮಿಲಿಮೀಟರ್ ಎತ್ತರ. ಆದರೆ ಜಾತಿ ಯಾವುದಾದರೂ ಆಡುವವನ ಕಾಲಿಗೆ ಹುಲ್ಲು ಕೊಡುವ ಕಷ್ಟ ಹೆಚ್ಚು ಕಡಿಮೆ ಒಂದೇ.

ನಮ್ಮ ಮಣ್ಣಿನ ಕೋರ್ಟಿನಲ್ಲಿ ಚೆಂಡು ನೆಲ ಕಚ್ಚುತ್ತದೆ. ಮಣ್ಣಿನ ಉಜ್ಜಾಟಕ್ಕೆ ಅದರ ವೇಗ ಇಳಿಯುತ್ತದೆ, ಆಮೇಲೆ ಎದೆ ಎತ್ತರಕ್ಕೆ ಏಳುತ್ತದೆ. ನಾವು ಎರಡು ಹೆಜ್ಜೆ ಹಿಂದೆ ಸರಿದು, ರಾಕೆಟ್ಟನ್ನು ಬೆನ್ನ ಹಿಂದಕ್ಕೆ ಒಯ್ದು, ಚೆನ್ನಾಗಿ ಬೀಸಿ ಹೊಡೆಯಬಹುದು. ಹುಲ್ಲು ನುಣುಪು. ಚೆಂಡು ಅದರ ಮೇಲೆ ಜಾರುತ್ತದೆ, ವೇಗ ಅಷ್ಟಾಗಿ ಕಳೆದುಕೊಳ್ಳುವುದಿಲ್ಲ. ಕೆಳಗಿನ ನೆಲ ಸಿಮೆಂಟಿನಷ್ಟು ಗಟ್ಟಿ ಅಲ್ಲವಾದ್ದರಿಂದ ಮೇಲಕ್ಕೂ ಏಳುವುದಿಲ್ಲ. ಹಾಗಾಗಿ ಎರಡು ಕಡೆಯಿಂದ ಪೆಟ್ಟು: ಸಮಯ ಕಡಿಮೆ, ಚೆಂಡೂ ತಗ್ಗು. ಮೊಣಕಾಲಿನ ಹತ್ತಿರ, ಕೆಲವು ಸಲ ಇನ್ನೂ ಕೆಳಗೆ ಸಿಗುತ್ತದೆ.

ಆ ಕ್ಲಬ್ಬಿನಲ್ಲಿ ಒಬ್ಬ ಹಿರಿಯ ಮಾರ್ಕರ್ ಇದ್ದರು. ಸದಸ್ಯರ ಜೊತೆ ಆಡಿ ಅಭ್ಯಾಸ ಮಾಡಿಸುವುದು ಅವರ ಕೆಲಸ. ನಾನು ಅವರನ್ನು ದಾದಾ ಅಂತಲೇ ಕರೆಯುತ್ತಿದ್ದೆ. ಒಂದು ವಾರ ಸುಮ್ನೆ ನೋಡಿದರು. ಆಮೇಲೆ ತಮ್ಮ ಬಂಗಾಳಿ ಬೆರೆತ ಹಿಂದಿಯಲ್ಲಿ ಹೇಳಿದರು: "ಸಾಹೇಬರೇ, ನೀವು ಚೆಂಡು ಬರಲಿ ಅಂತ ಕಾಯ್ತೀರಿ. ಇಲ್ಲಿ ಅದು ನಿಮ್ಮ ತನಕ ಏಳಲ್ಲ. ನೀವೇ ಅದರ ಹತ್ತಿರ ಇಳೀಬೇಕು."

ಆ ಮಾತು ತಲೆಗೆ ಹತ್ತಿದ್ದು ಬೇಗ, ಕಾಲಿಗೆ ಇಳಿದದ್ದು ಎರಡು ಚಳಿಗಾಲ ಕಳೆದ ಮೇಲೆ.

ನಡುವೆ ಒಂದು ಏಟು ತಿಂದೆ. ಊರಿಂದ ತಂದ ಶೂಗಳಲ್ಲೇ ಆಡುತ್ತಿದ್ದೆ. ಒಂದು ಬೆಳಿಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ. ಬಲಕ್ಕೆ ಓಡಿ, ಮಣ್ಣಿನ ಮೇಲೆ ಮಾಡುವ ಹಾಗೆ ಜಾರಿ ನಿಲ್ಲಲು ಹೋದೆ. ಎಡಗಾಲು ನಿಲ್ಲಲೇ ಇಲ್ಲ. ತೊಡೆಸಂದಿಯ ಸ್ನಾಯು ಹಿಡಿದು ಐದು ವಾರ ಮನೆಯಲ್ಲಿ ಕೂತೆ. ಹುಲ್ಲಿಗೆ ಅಂತಲೇ ಬೇರೆ ಶೂ ಇದೆ. ಅಡಿಯಲ್ಲಿ ಸಣ್ಣ ಸಣ್ಣ ರಬ್ಬರ್ ಗುಬ್ಬಿಗಳು ಇರುತ್ತವೆ. ಹುಲ್ಲಿನ ಮೇಲೆ ಆಡುವ ಆಸೆ ಇದ್ದವರು ಹೊಸ ರಾಕೆಟ್ ಆಮೇಲೆ ಕೊಳ್ಳಿ, ಶೂ ಮೊದಲು ಕೊಳ್ಳಿ. ಜೊಕೊವಿಚ್ ಹುಲ್ಲಿನ ಮೇಲೂ ಜಾರುತ್ತಾರೆ, ನಿಜ. ಅವರ ಮೈ ಬೇರೆ, ನಮ್ಮದು ಬೇರೆ. ನಮ್ಮಂಥವರಿಗೆ ಪುಟ್ಟ ಹೆಜ್ಜೆಗಳೇ ಸರಿ. ಚೆಂಡಿನ ಹತ್ತಿರ ಬಂದಾಗ ಟಕಟಕ ಅಂತ ನಾಲ್ಕೈದು ಸಣ್ಣ ಹೆಜ್ಜೆ. ದೊಡ್ಡ ಹೆಜ್ಜೆ ಇಟ್ಟು ಒಮ್ಮೆಲೇ ತಿರುಗಿದರೆ ಹುಲ್ಲು ಕ್ಷಮಿಸುವುದಿಲ್ಲ.

ಆಮೇಲೆ ಕೈ. ಎತ್ತರದ ಚೆಂಡು ಹೊಡೆದು ಬೆಳೆದವರ ಹಿಡಿತ ರಾಕೆಟ್ಟಿನ ಅಡಿಗೆ ತಿರುಗಿರುತ್ತದೆ. ಆ ಹಿಡಿತದಲ್ಲಿ ಮೊಣಕಾಲಿನ ಕೆಳಗಿನ ಚೆಂಡನ್ನು ಎತ್ತುವುದು ಬಹಳ ಕಷ್ಟ. ನಾನು ಹಿಡಿತವನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದೆ. ರಾಕೆಟ್ ಹಿಂದಕ್ಕೆ ಒಯ್ಯುವುದನ್ನು ಅರ್ಧ ಮಾಡಿದೆ. ಸರ್ವ್ ರಿಟರ್ನಿನಲ್ಲಂತೂ ಬೀಸುವುದನ್ನೇ ಬಿಟ್ಟೆ. ಬರುವ ವೇಗಕ್ಕೆ ರಾಕೆಟ್ ಅಡ್ಡ ಕೊಟ್ಟರೆ ಸಾಕು, ಚೆಂಡು ತಾನೇ ವಾಪಸ್ ಹೋಗುತ್ತದೆ. ಬ್ಯಾಕ್‌ಹ್ಯಾಂಡ್ ಸ್ಲೈಸ್ ಅನ್ನು, ಅಂದರೆ ಚೆಂಡಿನ ಅಡಿಯನ್ನು ಕತ್ತರಿಸುವ ಹಾಗೆ ಹೊಡೆಯುವ ಏಟನ್ನು, ಊರಿನಲ್ಲಿ ಕಷ್ಟಕಾಲಕ್ಕೆ ಮಾತ್ರ ಬಳಸುತ್ತಿದ್ದೆ. ಹುಲ್ಲಿನ ಮೇಲೆ ಅದೇ ನನ್ನ ಮುಖ್ಯ ಆಯುಧವಾಯಿತು. ಕತ್ತರಿಸಿ ಹೊಡೆದ ಚೆಂಡು ಹುಲ್ಲಿಗೆ ಬಿದ್ದರೆ ನೆಲಕ್ಕೆ ಅಂಟಿಕೊಂಡೇ ಓಡುತ್ತದೆ. 2021ರಲ್ಲಿ ಆಶ್ಲೀ ಬಾರ್ಟಿ ವಿಂಬಲ್ಡನ್ ಗೆದ್ದಾಗ ಅವರ ಸ್ಲೈಸ್ ನೋಡಿದ್ದೀರಾ? ಎದುರಿನವರು ಪ್ರತಿ ಸಲ ಬಗ್ಗಿ ಬಗ್ಗಿ ಚೆಂಡು ಎತ್ತಿಕೊಡಬೇಕು. ಎತ್ತಿಕೊಟ್ಟದ್ದನ್ನು ಇವರು ಮುಂದೆ ಬಂದು ಹೊಡೆಯುತ್ತಾರೆ. ಏಳು ಸಲ ಗೆದ್ದ ಸ್ಟೆಫಿ ಗ್ರಾಫ್ ಅವರದೂ ಅಂಥದೇ ಸ್ಲೈಸ್.

ಹುಲ್ಲಿನ ಮೇಲೆ ಗೆಲ್ಲಲು ಸಿಡಿಗುಂಡಿನಂಥ ಸರ್ವ್ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಇದ್ದರೆ ಒಳ್ಳೆಯದೇ. ಆದರೆ ನಮ್ಮ ರಾಮನಾಥನ್ ಕೃಷ್ಣನ್ ಅವರನ್ನು ನೆನೆಸಿಕೊಳ್ಳಿ. 1960 ಮತ್ತು 1961, ಎರಡು ವರ್ಷ ಸಾಲಾಗಿ ವಿಂಬಲ್ಡನ್ ಸೆಮಿಫೈನಲ್. ಸೋತದ್ದು ಮೊದಲು ನೀಲ್ ಫ್ರೇಸರ್‌ಗೆ, ಮರುವರ್ಷ ರಾಡ್ ಲೇವರ್‌ಗೆ. ಆಯಾ ವರ್ಷ ಅವರೇ ಚಾಂಪಿಯನ್. ಕೃಷ್ಣನ್ ಅವರ ಸರ್ವ್ ಮೃದು. ಮಗ ರಮೇಶ್ ಅವರದೂ ಮೃದುವೇ. ಆದರೂ ರಮೇಶ್ 1986ರಲ್ಲಿ ವಿಂಬಲ್ಡನ್ ಕ್ವಾರ್ಟರ್‌ಫೈನಲ್ ತಲುಪಿದರು. ಮರುವರ್ಷ ಸಿಡ್ನಿಯ ಹುಲ್ಲಿನ ಮೇಲೆ ಆಸ್ಟ್ರೇಲಿಯಾದ ಇಬ್ಬರು ಸಿಂಗಲ್ಸ್ ಆಟಗಾರರನ್ನೂ ಸೋಲಿಸಿ ಭಾರತವನ್ನು ದೇಶ ದೇಶಗಳ ತಂಡಗಳು ಆಡುವ ಡೇವಿಸ್ ಕಪ್‌ನ ಫೈನಲ್‌ಗೆ ಒಯ್ದರು. ಅವರ ಬಳಿ ಇದ್ದದ್ದು ಚೆಂಡನ್ನು ಬೇಗ ಭೇಟಿಯಾಗುವ ಕಲೆ, ಮೆತ್ತನೆಯ ಕೈ, ಎಲ್ಲಿ ಇಡಬೇಕೆಂಬ ಲೆಕ್ಕ. ಸರ್ವ್ ದುರ್ಬಲ ಅಂತ ಕೊರಗುವ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಧೈರ್ಯ ಇಲ್ಲ.

ಇನ್ನೊಂದು ವಿಷಯ ಕಣ್ಣಾರೆ ನೋಡಿ ಕಲಿತೆ. 2019ರ ಫೆಬ್ರವರಿಯಲ್ಲಿ ಕಲ್ಕತ್ತಾ ಸೌತ್ ಕ್ಲಬ್ಬಿನಲ್ಲಿ ಭಾರತ ಮತ್ತು ಇಟಲಿ ಡೇವಿಸ್ ಕಪ್ ಆಡಿದವು. ಹುಲ್ಲು ನಮ್ಮ ಮನೆಯ ನೆಲ, ಇಟಲಿಯವರು ಮಣ್ಣಿನವರು, ತಡವರಿಸುತ್ತಾರೆ ಅಂತ ನಮ್ಮ ಲೆಕ್ಕ. ಹಾಗಾಗಲಿಲ್ಲ. 3-1ರಲ್ಲಿ ಅವರು ಗೆದ್ದರು. ನಮಗೆ ಸಿಕ್ಕಿದ್ದು ಕೊಡಗಿನ ರೋಹನ್ ಬೋಪಣ್ಣ ಮತ್ತು ದಿವಿಜ್ ಶರಣ್ ಗೆದ್ದ ಡಬಲ್ಸ್ ಒಂದೇ. ಅವತ್ತು ಇಟಲಿ ಪರ ಆಡಿದ ಮಟ್ಟೆಯೊ ಬೆರೆಟಿನಿ 2021ರಲ್ಲಿ ವಿಂಬಲ್ಡನ್ ಫೈನಲ್‌ಗೇ ಹೋದರು. ನಮ್ಮ ಹುಡುಗರೂ ಬೆಳೆಯುವುದು ಸಿಮೆಂಟಿನ ಮೇಲೆ, ವರ್ಷಕ್ಕೆ ನಾಲ್ಕು ದಿನ ಹುಲ್ಲು ತುಳಿಯುತ್ತಾರೆ. ಹುಲ್ಲು ದೇಶದಲ್ಲಿ ಇದ್ದರೆ ಸಾಲದು, ಕಾಲಿಗೆ ಅಭ್ಯಾಸ ಇರಬೇಕು ಅಲ್ವಾ. ನನಗೆ ಇದು ಇಂದಿಗೂ ನೋವಿನ ವಿಷಯ.

ಅದೇ ವರ್ಷ ದಾವಣಗೆರೆಗೆ ವಾಪಸ್ ಬಂದೆ. ಮೂರು ವರ್ಷ ಕಳೆದು ದಾದಾ ಫೋನ್ ಮಾಡಿದರು. ಜನವರಿಯಲ್ಲಿ 45 ದಾಟಿದವರ ಪಂದ್ಯಾವಳಿ ಇದೆ, ಬನ್ನಿ ಅಂದರು. ಕೈಯಲ್ಲಿ ಮೂರು ತಿಂಗಳಿತ್ತು. ಊರಲ್ಲಿ ಹುಲ್ಲಿನ ಕೋರ್ಟ್ ಎಲ್ಲಿಂದ ತರುವುದು?

ಮೊದಲು ನನ್ನ ಬಾಲ್ಯದ ಗೆಳೆಯನ ಬಳಿ ಹೋದೆ. ಅವನು ಕುಸ್ತಿ ಆಡಿದವನು, ಈಗ ಗರಡಿಮನೆಯಲ್ಲಿ ಹುಡುಗರಿಗೆ ಹೇಳಿಕೊಡುತ್ತಾನೆ. ರಾಕೆಟ್ ಹಿಡಿದು ತಗ್ಗಿನ ಚೆಂಡು ಹೊಡೆಯುವಂತೆ ನಿಂತು ತೋರಿಸಿದೆ. ಅವನು ನೋಡಿದ ತಕ್ಷಣ ಹೇಳಿದ: "ಲೇ, ನೀನು ಸೊಂಟ ಬಗ್ಗಸ್ತೀಯ, ಮಂಡಿ ಬಗ್ಗಸಲ್ಲ. ಇನ್ನು ಹತ್ತು ನಿಮಿಷಕ್ಕೆ ಬೆನ್ನು ಹೋಗುತ್ತೆ ನೋಡು." ನಿಜ. ಕೋಲ್ಕತ್ತದಲ್ಲಿ ಪ್ರತಿ ಪಂದ್ಯ ಮುಗಿದ ಮೇಲೆ ನನಗೆ ಬೆನ್ನೇ ನೋಯುತ್ತಿತ್ತು. ಬಸ್ಕಿ ಶುರು ಮಾಡಿಸಿದ. ಮೊದಲ ದಿನ 20. ಎರಡು ತಿಂಗಳಿಗೆ 60. ಕೆಳಗೆ ಕೂತಾಗ ಎದೆ ನೆಟ್ಟಗೆ, ಕಣ್ಣು ಮುಂದೆ, ಮೂರು ಎಣಿಸುವವರೆಗೆ ಹಾಗೇ ಇರಬೇಕು. ಆಮೇಲೆ ಅದೇ ಎತ್ತರದಲ್ಲಿ ಎಡಕ್ಕೆ ಬಲಕ್ಕೆ ಓಡಾಡಿಸಿದ. ಟೆನಿಸ್ ಒಮ್ಮೆಯೂ ಆಡದವನು ನನ್ನ ಹುಲ್ಲಿನ ಆಟದ ಅರ್ಧ ಭಾಗ ಕಲಿಸಿದ.

ಕುಂದವಾಡ ಕೆರೆಯ ಬಳಿ ಓಡುವುದನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿದೆ. ಉಳಿದ ಬೆಳಿಗ್ಗೆ ಮನೆ ಹತ್ತಿರದ ಪಾರ್ಕಿನ ಹುಲ್ಲಿನ ಮೇಲೆ, ಇಬ್ಬನಿ ಇರುವಾಗಲೇ, ಗುಬ್ಬಿ ಶೂ ಹಾಕಿಕೊಂಡು ಪುಟ್ಟ ಹೆಜ್ಜೆಯ ಅಭ್ಯಾಸ. ಜಾರುವ ನೆಲಕ್ಕೆ ಪಾದದ ಹೆದರಿಕೆ ಹೋಗಬೇಕು, ಅದಕ್ಕೆ ಬೇರೆ ದಾರಿ ಇರಲಿಲ್ಲ.

ಚೆಂಡಿನ ಅಭ್ಯಾಸಕ್ಕೆ ಸವೆದು ನುಣ್ಣಗಾದ ಒಂದು ಸಿಮೆಂಟ್ ಕೋರ್ಟ್ ಹುಡುಕಿದೆ. ಹಳೆಯ, ರೋಮ ಉದುರಿ ಗಾಳಿ ಇಳಿದ ಚೆಂಡುಗಳನ್ನು ಒಂದು ಬಕೆಟ್ ತುಂಬ ಕೂಡಿಸಿದೆ. ಜೊತೆಗೆ ಆಡಲು ಬರುತ್ತಿದ್ದ ಕಾಲೇಜು ಹುಡುಗ, "ಅಂಕಲ್, ಹೊಸ ಚೆಂಡು ತರ್ತೀನಿ, ಇವು ಏಳೋದೇ ಇಲ್ಲ" ಅಂದ. "ಏಳಬಾರದಪ್ಪ, ಅದಕ್ಕೇ ಇವು" ಅಂದೆ. ಅವನು ಸ್ಲೈಸ್ ಮಾಡಿ ಕಳಿಸುತ್ತಿದ್ದ, ನಾನು ಕೋರ್ಟಿನ ಹಿಂಬದಿ ಗೆರೆಯ ಒಳಗೇ ನಿಂತು ವಾಪಸ್ ಮಾಡುತ್ತಿದ್ದೆ. ನೆಟ್ಟಿನ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ದಾರ ಕಟ್ಟಿ, ಚೆಂಡು ಅದರ ಕೆಳಗೇ ಹೋಗಬೇಕೆಂದು ನಿಯಮ ಮಾಡಿಕೊಂಡೆವು. ಸರ್ವಿನಲ್ಲಿ ವೇಗದ ಆಸೆ ಬಿಟ್ಟು, ಬಲಗಡೆ ಕೋರ್ಟಿನಿಂದ ಹೊರಕ್ಕೆ ಬಾಗಿ ಹೋಗುವ ಸ್ಲೈಸ್ ಸರ್ವ್ ಒಂದನ್ನೇ ದಿನಕ್ಕೆ 50 ಸಲ ಹಾಕಿದೆ. ಎದುರಾಳಿ ಕೋರ್ಟಿನ ಆಚೆ ಹೋದರೆ ಅರ್ಧ ಜಾಗ ಖಾಲಿ. ಆಗ ನೆಟ್‌ಗೆ ಹೋಗಿ ಒಂದು ವಾಲಿ. ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆದರೆ ಹುಲ್ಲಿನ ಅಡ್ಡಾದಿಡ್ಡಿ ಬೌನ್ಸಿನ ತಲೆನೋವೇ ಇಲ್ಲ. ಪ್ಯಾರಿಸ್ಸಿನ ಮಣ್ಣಿನಲ್ಲಿ ಹಿಂದೆ ನಿಂತು ಆಡುತ್ತಿದ್ದ ಸ್ವೀಡನ್ನಿನ ಬ್ಯೋರ್ನ್ ಬೋರ್ಗ್ ಕೂಡ ವಿಂಬಲ್ಡನ್ನಿನಲ್ಲಿ ಮೊದಲ ಸರ್ವಿನ ಹಿಂದೆ ನೆಟ್‌ಗೆ ಓಡುತ್ತಿದ್ದರು. 1976ರಿಂದ 1980ರವರೆಗೆ ಐದು ಸಲ ಗೆದ್ದರು.

ಜನವರಿಯಲ್ಲಿ ಹೋದೆ. ಮೊದಲ ಎರಡು ಪಂದ್ಯ ಗೆದ್ದೆ. ಎರಡನೆಯದರಲ್ಲಿ ಒಂದು ಸೆಟ್ಟಿನಲ್ಲಿ ಎದುರಾಳಿಯ ಸರ್ವ್ ಒಂದೇ ಸಲ ಮುರಿದೆ, ಅಂದರೆ ಅವರು ಸರ್ವ್ ಮಾಡಿದ ಒಂದು ಗೇಮ್ ಗೆದ್ದೆ, ಸೆಟ್ ಅಷ್ಟಕ್ಕೇ ಮುಗಿಯಿತು. ಹುಲ್ಲಿನ ಮೇಲೆ ಹೀಗೇ. ಹತ್ತು ನಿಮಿಷ ಏನೂ ಆಗುವುದಿಲ್ಲ, ಆಮೇಲೆ ಎರಡು ಪಾಯಿಂಟಿನಲ್ಲಿ ಎಲ್ಲ ತೀರ್ಮಾನ. ಕೆಟ್ಟ ಬೌನ್ಸ್ ಬಂದರೆ ಅದನ್ನು ಅಲ್ಲೇ ಬಿಟ್ಟು ಮುಂದಿನ ಚೆಂಡಿಗೆ ಸಿದ್ಧ ಆಗಬೇಕು. ಮೊದಲಿದ್ದ ನಾನಾಗಿದ್ದರೆ ಅದನ್ನೇ ನೆನೆಸುತ್ತ ಇನ್ನೆರಡು ಪಾಯಿಂಟ್ ಕಳೆಯುತ್ತಿದ್ದೆ.

ಸೆಮಿಫೈನಲ್‌ನಲ್ಲಿ ಸೋತೆ. ಎದುರಿದ್ದವರು ಎಡಗೈ ಆಟಗಾರರು, ನನಗಿಂತ ಆರು ವರ್ಷ ದೊಡ್ಡವರು. ಎಡಗಡೆ ಕೋರ್ಟಿಗೆ ಅವರು ಹಾಕುತ್ತಿದ್ದ ಸ್ಲೈಸ್ ಸರ್ವ್ ನನ್ನ ಬ್ಯಾಕ್‌ಹ್ಯಾಂಡಿನಿಂದ ಆಚೆ ಆಚೆ ಸರಿಯುತ್ತಿತ್ತು. ನಾನು ಇಳಿದೆ, ಮಂಡಿಯೂ ಬಗ್ಗಿತು, ಆದರೆ ಒಂದು ಹೆಜ್ಜೆ ತಡ. ಬೆನ್ನು ಮಾತ್ರ ನೋಯಲಿಲ್ಲ.

ದಾದಾ ಕುರ್ಚಿಯಿಂದ ಎದ್ದು ಬಂದು, "ಹಿಂದೆ ನಿಲ್ಲಬೇಡಿ, ಓರೆಯಾಗಿ ಮುಂದಕ್ಕೆ ಹೋಗಿ. ಅದು ಹೊರಗೆ ಹೋಗೋ ಮೊದಲೇ ಹಿಡೀಬೇಕು" ಅಂದರು. ಊರಿಗೆ ಬಂದ ಮೇಲೆ ಒಬ್ಬ ಎಡಗೈ ಹುಡುಗನನ್ನು ಹುಡುಕಿದ್ದೇನೆ. ಶನಿವಾರ, ಭಾನುವಾರ ಬೆಳಿಗ್ಗೆ ಆರಕ್ಕೆ ಬರುತ್ತಾನೆ. ಅದೇ ಬಕೆಟ್, ಅದೇ ಬೋಳು ಚೆಂಡುಗಳು, ಎಡಗಡೆ ಕೋರ್ಟ್ ಮಾತ್ರ.