ಒಂದು ಮಂಡಲಕ್ಕೆ ಒಂದೇ ಅಭ್ಯಾಸ: ನಮ್ಮ ಮನೆಯ ಒಂದು ವರ್ಷ

ಮೊನ್ನೆ 2025ರ ಸಂಕ್ರಾಂತಿಗೆ ನಮ್ಮ ಮನೆಯ ಚಾಲೆಂಜ್‌ಗೆ ಒಂದು ವರ್ಷ ತುಂಬಿತು: ಕಸ, ನೀರು, ಗ್ಯಾಸ್ ಪೋಲಾಗದ ಹಾಗೆ ಒಂದು ಮಂಡಲಕ್ಕೆ, ಅಂದರೆ ನಲವತ್ತೆಂಟು ದಿನಕ್ಕೆ, ಒಂದೇ ಹೊಸ ಅಭ್ಯಾಸ. ಕಸದ ಗಾಡಿಗೆ ಹಸಿ ಕಸ ಅಂತ ನಾವು ಕೊನೆಯ ಸಲ ಕೊಟ್ಟಿದ್ದು 2024ರ ಫೆಬ್ರವರಿ ಕೊನೆಯಲ್ಲಿ. ಬೆಂಗಳೂರಿನ ಉತ್ತರಹಳ್ಳಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ, ಐದು ಜನ, ಎಂಟಡಿಗೆ ನಾಲ್ಕಡಿ ಬಾಲ್ಕನಿ. ಇಷ್ಟು ಜಾಗದಲ್ಲಿ, ಕೆಲಸಕ್ಕೆ ಹೋಗಿ ಬರುವವಳ ಕೈಯಲ್ಲಿ ಇದೆಲ್ಲ ಆಗಲ್ಲ ಅಂದವರೇ ಜಾಸ್ತಿ. ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಹಸಿ ಕಸದಿಂದ ಗೊಬ್ಬರ, ಅಂದರೆ ಕಾಂಪೋಸ್ಟ್, ಹೇಗೆ ಮಾಡೋದು, ಹಣ್ಣಿನ ಸಿಪ್ಪೆ ಹುದುಗಿಸಿ ಮಾಡುವ ಕ್ಲೀನರ್ ಬಯೋ ಎಂಜೈಮ್ ಹೇಗೆ ಅನ್ನೋದೆಲ್ಲ ಬೇರೆ ಕಡೆ ಸಿಗುತ್ತೆ. ಎಲ್ಲಿ ಎಡವಿದೆ, ಎಷ್ಟು ದುಡ್ಡು ಹೋಯಿತು, ಕೊನೆಗೆ ಯಾವುದು ನಿಂತಿತು ಅನ್ನೋದನ್ನಷ್ಟೇ ಹೇಳುತ್ತೇನೆ.

ಇದು ನನ್ನ ಮೂರನೇ ಪ್ರಯತ್ನ. ಮೊದಲನೆಯದು 2022ರ ಜುಲೈ 1ಕ್ಕೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಮೇಲೆ ದೇಶದಲ್ಲೆಲ್ಲ ನಿಷೇಧ ಬಂದ ದಿನ. ಆ ಹುಮ್ಮಸ್ಸಿನಲ್ಲಿ ಫ್ರಿಜ್ ಮೇಲೆ ಹನ್ನೆರಡು ಅಭ್ಯಾಸಗಳ ಪಟ್ಟಿ ಅಂಟಿಸಿದೆ. ಮೂವತ್ತು ದಿನ, ಎಲ್ಲವೂ ಒಟ್ಟಿಗೆ. ಮೂರು ಅಂತಸ್ತಿನ ಮಣ್ಣಿನ ಕಾಂಪೋಸ್ಟ್ ಕುಂಡಕ್ಕೆ 2,600 ರೂಪಾಯಿ ಕೊಟ್ಟ ನೆನಪು. ಬಿದಿರಿನ ಬ್ರಷ್, ಸ್ಟೀಲ್ ಸ್ಟ್ರಾ, ಗಾಜಿನ ಡಬ್ಬಗಳು ಎಲ್ಲ ಸೇರಿ ಏಳು ಸಾವಿರ ದಾಟಿತು. ಒಂಬತ್ತನೇ ದಿನಕ್ಕೆ ಎಲ್ಲ ನಿಂತುಹೋಯಿತು. ಕುಂಡವನ್ನು ಆಮೇಲೆ ಎಂಟುನೂರಕ್ಕೆ ಮಾರಿದೆ.

ಎರಡನೆಯದು 2023ರ ಯುಗಾದಿಗೆ. ಆರು ಅಭ್ಯಾಸ, ಇಪ್ಪತ್ತೊಂದು ದಿನ. ಹದಿನಾರನೇ ದಿನ ಮಗಳಿಗೆ ಜ್ವರ ಬಂತು. ನಾಲ್ಕು ದಿನ ಬಿಟ್ಟೆ, ಮತ್ತೆ ಶುರು ಮಾಡೋಕೆ ಮನಸ್ಸೇ ಬರಲಿಲ್ಲ.

ದಾರಿ ಸಿಕ್ಕಿದ್ದು ಅತ್ತೆಯಿಂದ. ಅವರಿಗೆ ಮಂಡಿ ನೋವು. ಪಂಡಿತರು ಒಂದು ಮಂಡಲ ಕಷಾಯ ಕುಡಿಯಿರಿ ಅಂದಿದ್ದರು. ನಲವತ್ತೆಂಟು ದಿನ ಒಂದು ದಿನವೂ ತಪ್ಪಿಸಲಿಲ್ಲ. ಹೇಗೆ ಅಂತ ನೋಡಿದರೆ, ಕಷಾಯದ ಲೋಟವನ್ನು ರಾತ್ರಿಯೇ ಕಾಫಿ ಫಿಲ್ಟರ್ ಪಕ್ಕ ಇಟ್ಟು ಮಲಗುತ್ತಿದ್ದರು. ಬೆಳಿಗ್ಗೆ ಕಾಫಿ ಬೇಕು ಅಂದರೆ ಮೊದಲು ಕೈಗೆ ಸಿಗೋದು ಆ ಲೋಟ. ನನಗೆ ಅಲ್ಲೇ ಹೊಳೆಯಿತು. ಒಂದೇ ವಿಷಯ, ಒಂದು ಮಂಡಲ, ದಿನಾ ಮಾಡುವ ಒಂದು ಕೆಲಸಕ್ಕೆ ಕಟ್ಟಿಹಾಕಿದ್ದು. ಏಳು ಮಂಡಲ ಅಂದರೆ 336 ದಿನ. ಒಂದು ದಿನ ತಪ್ಪಿದರೆ ಮೊದಲಿಂದ ಎಣಿಸಬೇಕಾಗಿಲ್ಲ, ಕೊನೆಗೆ ಒಂದು ದಿನ ಸೇರಿಸಿದರೆ ಸಾಕು. ಇನ್ನೊಂದು ಕಟ್ಟುನಿಟ್ಟು: ಮೊದಲ ಎರಡು ವಾರ ಇನ್ನೂರು ರೂಪಾಯಿಗಿಂತ ಜಾಸ್ತಿ ಏನೂ ಕೊಳ್ಳುವ ಹಾಗಿಲ್ಲ.

ಆಫೀಸಿನ ಗೆಳತಿಗೆ ಹೇಳಿದೆ. "ಒಂದೂವರೆ ತಿಂಗಳಿಗೆ ಒಂದೇ ಅಭ್ಯಾಸನಾ? ಹೀಗಾದ್ರೆ ನಿನ್ನ ಪಟ್ಟಿ ಮುಗಿಯೋಷ್ಟರಲ್ಲಿ ಮಗಳ ಮದುವೆ ಆಗಿರುತ್ತೆ ಬಿಡು" ಅಂದಳು. ಈಗ ಅವಳ ಮನೆಯಲ್ಲೂ ಎರಡನೇ ಮಂಡಲ ನಡೆಯುತ್ತಿದೆ.

ಮೊದಲು ಹಿಡಿದಿದ್ದು ಹಸಿ ಕಸ. ಯಾಕೆ ಅಂದರೆ, 2014ರಲ್ಲಿ, ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನ ಜನ ನಿಮ್ಮ ಕಸ ನಮಗೆ ಬೇಡ ಅಂತ ಲಾರಿಗಳಿಗೆ ಅಡ್ಡ ನಿಂತಿದ್ದು ನನಗೆ ಇವತ್ತಿಗೂ ಮರೆತಿಲ್ಲ. ಆ ವರ್ಷದ ಡಿಸೆಂಬರ್‌ನಿಂದ ಅಲ್ಲಿಗೆ ಲಾರಿ ಹೋಗೋದು ನಿಂತಿತು. ಆದರೆ ನಗರದ ಕಸ ಇನ್ನೊಂದು ಊರಿನ ಪಕ್ಕಕ್ಕೆ ಹೋಗೋದು ನಿಲ್ಲಲಿಲ್ಲ. ನಮ್ಮ ಸಾರಿನ ಸಿಪ್ಪೆಗೆ ಇನ್ನೊಂದು ಊರಿನವರು ಯಾಕೆ ಮೂಗು ಮುಚ್ಚಿಕೊಳ್ಳಬೇಕು?

ಶುರು ಮಾಡಿದ ಕಾಲ ಮಾತ್ರ ಪೂರ್ತಿ ತಪ್ಪು. ಜನವರಿ, ಅವರೆಕಾಯಿ ಕಾಲ. ಬೇರೆ ದಿನ ನಮ್ಮ ಮನೆಯಲ್ಲಿ ಒಂದು, ಒಂದೂಕಾಲು ಕೆಜಿ ಹಸಿ ಕಸ ಆಗುತ್ತೆ. ಹಿದುಕಿದ ಅವರೆ ಮಾಡಿದ ದಿನ ಮೂರು ಕೆಜಿ ದಾಟಿತು. ಕಾಯಿಯ ಸಿಪ್ಪೆ ಪರವಾಗಿಲ್ಲ, ನೆನೆಸಿ ಹಿದುಕಿದ ಕಾಳಿನ ಸಿಪ್ಪೆ ಇದೆಯಲ್ಲ, ಅದೇ ಕಷ್ಟ. ತುಂಬಾ ನೀರು, ಲೋಳೆ, ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತೆ, ಒಳಗೆ ಗಾಳಿಯೇ ಆಡಲ್ಲ. ಐದನೇ ದಿನ ಬಾಲ್ಕನಿ ಬಾಗಿಲು ತೆಗೆಯೋಕೆ ಆಗಲಿಲ್ಲ. "ಏನೇ ಇದು, ಇಲಿ ಸತ್ತ ಹಾಗೆ ವಾಸನೆ" ಅಂದರು ಅತ್ತೆ. ಪಕ್ಕದ ಮನೆಯವರು ಮನೆ ಮಾಲೀಕರಿಗೆ ಫೋನ್ ಮಾಡಿದರು. ಮಾಲೀಕರ ಹತ್ತಿರ ಎರಡು ವಾರ ಟೈಮ್ ಕೇಳಿಕೊಂಡೆ.

ಸರಿಮಾಡಿದ್ದು ಹೀಗೆ. ಗುಜರಿ ಅಂಗಡಿಯಲ್ಲಿ ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ ಎಂಬತ್ತು ರೂಪಾಯಿಗೆ ಒಂದರಂತೆ ಮೊದಲು ಎರಡು, ಆಮೇಲೆ ಇನ್ನೆರಡು ತಂದೆ. ಕಾಸಿದ ಕಬ್ಬಿಣದ ಸರಳಿನಿಂದ ಸುತ್ತಲೂ ಮೂವತ್ತು ತೂತು, ತಳಕ್ಕೆ ಆರೇಳು. ಕೆಳಗೆ ಎರಡು ಇಟ್ಟಿಗೆ, ಒಂದು ಹಳೇ ತಟ್ಟೆ. ಅವರೆ ಸಿಪ್ಪೆಯನ್ನು ಒಂದು ದಿನ ಪೇಪರ್ ಮೇಲೆ ಹರಡಿ, ಬಾಡಿದ ಮೇಲೆ ಹಾಕೋದು. ಒಂದು ಬಟ್ಟಲು ಸಿಪ್ಪೆಗೆ ಒಂದೂವರೆ ಬಟ್ಟಲು ಒಣಗಿದ್ದು. ಆಗ ಒಣ ಎಲೆ ಸಿಗದ ಕಾಲ, ತೆಂಗಿನ ನಾರಿನ ಪುಡಿಯ ಇಟ್ಟಿಗೆ ಕೊಂಡೆ. ಐದು ಕೆಜಿಗೆ ಇನ್ನೂರರ ಹತ್ತಿರ.

ಹೆಪ್ಪು ಅಂತ ಹುಳಿ ಮಜ್ಜಿಗೆ, ಬೆಲ್ಲದ ನೀರು ಎಲ್ಲರೂ ಹಾಕುತ್ತಾರೆ. ನಾನು ಅದರ ಜೊತೆ ಮೂರನೆಯದೊಂದು ಹಾಕುತ್ತೇನೆ, ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ. ಅದೇನು ಅಂತ ಇಲ್ಲಿ ಬರೆಯಲ್ಲ. ಮನೆಗೆ ಬಂದವರಿಗೆ ತೋರಿಸಿದ್ದೇನೆ.

ನಲವತ್ತೈದನೇ ದಿನ ಮೊದಲ ಬಕೆಟ್ ಹಳೇ ಸೀರೆಯ ಮೇಲೆ ಸುರಿದೆ. ಕಾಫಿ ಚರಟದ ಬಣ್ಣ. ಕೈಗೆ ಸ್ವಲ್ಪ ಬೆಚ್ಚಗಿತ್ತು. ಕೋಸಿನ ದಿಂಡು, ಕರಿಬೇವಿನ ಕಡ್ಡಿ ಹಾಗೇ ಇದ್ದವು. ಸೇಬಿನ ಮೇಲಿನ ಸ್ಟಿಕ್ಕರ್ ಒಂದು ಹೊಸದರಂತೆ ಹೊಳೆಯುತ್ತಿತ್ತು. ಅವರೆ ಸಿಪ್ಪೆಯ ಗುರುತೇ ಇರಲಿಲ್ಲ. ಅತ್ತೆ ಒಂದು ಹಿಡಿ ತೆಗೆದು ಮೂಸಿ ನೋಡಿದರು. ಏನೂ ಹೇಳಲಿಲ್ಲ, ತುಳಸಿ ಕುಂಡಕ್ಕೆ ಹಾಕಿದರು.

ಒಣ ಎಲೆ ಬಗ್ಗೆ ಒಂದು ಮಾತು. ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚ್ ಬಂದರೆ ರಸ್ತೆ ತುಂಬ ಎಲೆ. ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಅಕ್ಕನನ್ನು ಕೇಳಿದೆ, ಅವರೇ ಗುಡ್ಡೆ ಮಾಡಿ ಇಡುತ್ತಿದ್ದರು. ಆರು ಗೋಣಿಚೀಲ ತುಂಬಿಟ್ಟೆ, ಡಿಸೆಂಬರ್‌ವರೆಗೆ ಬಂತು. ಮಳೆಮರದ ಸಣ್ಣ ಎಲೆಯೇ ಎಲ್ಲದಕ್ಕಿಂತ ಒಳ್ಳೆಯದು, ಪುಡಿ ಮಾಡೋದೇ ಬೇಡ. ಹೊಂಗೆ ಎಲೆ ಆಗುತ್ತೆ. ಕಾಡು ಬಾದಾಮಿ ಎಲೆಯನ್ನು ತುಳಿದು ಮುರಿಯದೆ ಹಾಕಿದರೆ ಮೂರು ತಿಂಗಳಾದರೂ ಹಾಗೇ ಇರುತ್ತೆ.

ಮಳೆಗಾಲದಲ್ಲಿ ದೊಡ್ಡ ಹುಳ ಬಂದವು, ಕಪ್ಪು ಸೈನಿಕ ನೊಣದ ಮರಿಗಳು. ಹೆದರಬೇಡಿ, ಅವು ಇದ್ದಷ್ಟು ದಿನ ಕೆಲಸ ಎರಡು ಪಟ್ಟು ಬೇಗ. ಗೋಡೆ ಹತ್ತಿ ಪಕ್ಕದ ಬಾಲ್ಕನಿಗೆ ಹೋಗದ ಹಾಗೆ ಮುಚ್ಚಳದ ಮೇಲೆ ಒಂದು ಇಟ್ಟಿಗೆ ಇಟ್ಟರೆ ಆಯಿತು.

ಎರಡನೇ ಮಂಡಲಕ್ಕೆ ಚೀಲ, ಡಬ್ಬ ಅಂದುಕೊಂಡಿದ್ದೆ. ಅಷ್ಟರಲ್ಲಿ 2024ರ ಮಾರ್ಚ್ ಬಂತು. ಬೋರ್‌ವೆಲ್‌ಗಳು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ್ದು ಆಗಲೇ. ನಮ್ಮ ಕಟ್ಟಡಕ್ಕೆ ಆರು ಸಾವಿರ ಲೀಟರಿನ ಟ್ಯಾಂಕರ್ ಮೊದಲು ಏಳುನೂರಕ್ಕೆ ಬರುತ್ತಿತ್ತು. ಆ ತಿಂಗಳು ಒಂದು ಸಲ ಸಾವಿರದ ಎಂಟುನೂರು ಕೊಟ್ಟೆವು. ಹಾಗಾಗಿ ನೀರನ್ನೇ ಹಿಡಿದೆ.

ಕುಡಿಯುವ ನೀರು ಶುದ್ಧ ಮಾಡುವ ನಮ್ಮ ಆರ್‌ಒ ಯಂತ್ರ ಒಂದು ಬಿಂದಿಗೆ ನೀರು ಕೊಟ್ಟರೆ ಮೂರು ಬಿಂದಿಗೆ ಹೊರಗೆ ಬಿಡುತ್ತಿತ್ತು. ಆ ಪೈಪನ್ನು ಸಿಂಕಿನಿಂದ ತೆಗೆದು ಬಕೆಟ್‌ಗೆ ಬಿಟ್ಟೆ. ದಿನಕ್ಕೆ ನಲವತ್ತು ಲೀಟರ್ ಹತ್ತಿರ. ಪಾತ್ರೆಯ ಮೊದಲ ತೊಳೆತ, ನೆಲ ಒರೆಸೋದು, ಟಾಯ್ಲೆಟ್ ಎಲ್ಲ ಅದರಲ್ಲೇ. ಗಿಡಕ್ಕೂ ಹಾಕಿದೆ, ಅಲ್ಲಿ ತಪ್ಪಿತು. ಮೂರು ವಾರಕ್ಕೆ ಕರಿಬೇವಿನ ಎಲೆಯ ತುದಿ ಸುಟ್ಟ ಹಾಗಾಯಿತು. ಮುನ್ನೂರೈವತ್ತು ಕೊಟ್ಟು, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ತಂದು ನೋಡಿದೆ. ನಲ್ಲಿಯಲ್ಲಿ ಆರುನೂರು, ಬಕೆಟ್‌ನಲ್ಲಿ ಎಂಟುನೂರರ ಹತ್ತಿರ. ಈಗ ಗಿಡಕ್ಕೆ ಅಕ್ಕಿ, ಬೇಳೆ ತೊಳೆದ ನೀರು ಮಾತ್ರ.

ಚೀಲದ ವಿಷಯ ಚಿಕ್ಕದು. ಮನೆಯಲ್ಲಿ ಹದಿನಾಲ್ಕು ಬಟ್ಟೆ ಚೀಲ ಇದ್ದವು, ಆದರೂ ಪ್ರತಿ ಸಲ ಅಂಗಡಿಯಲ್ಲಿ ಕವರ್ ತಗೊಳ್ಳುತ್ತಿದ್ದೆವು. ಸ್ಕೂಟರ್ ಕೀಲಿಯನ್ನು ಮೊಳೆಯಿಂದ ತೆಗೆದು ಚೀಲದ ಒಳಗೆ ಹಾಕಿಟ್ಟೆ. ಚೀಲ ಮುಟ್ಟದೆ ಮನೆ ಬಿಡೋಕೆ ಆಗಲ್ಲ. ಯಜಮಾನರು ಮೊದಲ ವಾರ ಗೊಣಗಿದರು. ಹತ್ತನೇ ದಿನಕ್ಕೆ ಆ ಜಗಳ ಮುಗಿಯಿತು. ಹೋಟೆಲ್ ಪಾರ್ಸೆಲ್‌ಗೆ ಮೂರು ಸ್ಟೀಲ್ ಡಬ್ಬ: ಇಡ್ಲಿ, ಚಟ್ನಿ, ಸಾಂಬಾರ್. ರಶ್ ಇದ್ದಾಗ ಹೋದರೆ ಬೇಡ ಅನ್ನುತ್ತಾರೆ. ಬೆಳಿಗ್ಗೆ ಏಳೂವರೆ ಒಳಗೆ ಹೋಗಿ. ಈಗ ನನ್ನ ಡಬ್ಬ ನೋಡಿದರೆ ಪಾರ್ಸೆಲ್ ಹುಡುಗ ಕೇಳದೇ ಇನ್ನೊಂದು ಸೌಟು ಚಟ್ನಿ ಹಾಕುತ್ತಾನೆ.

ನನಗೆ ಬಹಳ ಖುಷಿ ಕೊಟ್ಟಿದ್ದು ಗ್ಯಾಸ್. ನಮ್ಮ ಸಿಲಿಂಡರ್ ಮೂವತ್ತೆಂಟು, ನಲವತ್ತು ದಿನಕ್ಕೆ ಖಾಲಿಯಾಗುತ್ತಿತ್ತು. ಈಗ ಐವತ್ತೆರಡಕ್ಕೆ ಕಮ್ಮಿ ಇಲ್ಲ, ಒಂದು ಸಲ ಐವತ್ತೇಳು ಬಂತು. ತೊಗರಿಬೇಳೆ ಒಂದು ಗಂಟೆ ನೆನೆಸಿ, ಒಂದೇ ವಿಷಲ್ ಕೂಗಿಸಿ, ಕುಕ್ಕರನ್ನು ಹಾಗೇ ಬಿಸಿ ಹಿಡಿದಿಡುವ ಒಂದು ಪೆಟ್ಟಿಗೆಗೆ ಇಳಿಸಿ ಕಂಬಳಿ ಸುತ್ತೋದು. ಮುಕ್ಕಾಲು ಗಂಟೆ ಬಿಟ್ಟು ತೆಗೆದರೆ ಬೆಣ್ಣೆ. ಮೊದಲು ಥರ್ಮೋಕೋಲ್ ಪೆಟ್ಟಿಗೆ ಇಟ್ಟಿದ್ದೆ, ಕುಕ್ಕರಿನ ತಳ ತಾಗಿ ದುಂಡಗೆ ಕರಗಿಹೋಯಿತು, ಅಡುಗೆಮನೆ ತುಂಬ ಕೆಟ್ಟ ಹೊಗೆ. ಆಮೇಲೆ ಮಾವಿನಹಣ್ಣಿನ ಮರದ ಪೆಟ್ಟಿಗೆ, ತಳಕ್ಕೆ ಹಲಗೆ, ಸುತ್ತ ಗೋಣಿ, ಮೇಲೆ ಹಳೇ ಕಂಬಳಿ. ಖರ್ಚು ಮೂವತ್ತು ರೂಪಾಯಿ. ಹುರುಳಿಕಾಳು, ಕಡಲೆಕಾಳು ಇದರಲ್ಲಿ ಬೇಯಲ್ಲ. ನಾಲ್ಕು ಸಲ ಪ್ರಯತ್ನಪಟ್ಟೆ, ನಾಲ್ಕೂ ಸಲ ಮತ್ತೆ ಒಲೆ ಮೇಲೆ ಇಡಬೇಕಾಯಿತು. ಅನ್ನಕ್ಕೆ ನೀರಿನ ಅಳತೆ ಬೇರೆ. ಅದು ಕೂರೋಕೆ ನನಗೆ ಎರಡು ತಿಂಗಳು ಬೇಕಾಯಿತು, ನೀವೂ ನಿಮ್ಮ ಅಕ್ಕಿಗೆ ತಕ್ಕ ಹಾಗೆ ಹುಡುಕಿಕೊಳ್ಳಿ.

ಕರೆಂಟ್ ಮಾತ್ರ ಬೇರೆ ಥರ, ಅದಕ್ಕೆ ಅಂತ ಮಂಡಲ ಇಟ್ಟಿರಲಿಲ್ಲ. ಗೃಹಜ್ಯೋತಿ ಬಂದ ಮೇಲೆ ನಮಗೆ ಬಿಲ್ಲೇ ಸೊನ್ನೆ, ಉಳಿಸಿದರೆ ಜೇಬಿಗೇನೂ ಬರಲ್ಲ. ಅದಕ್ಕೆ ಮಗಳ ಕೈಗೆ ಮೀಟರ್ ಪುಸ್ತಕ ಕೊಟ್ಟೆ. ಪ್ರತಿ ಭಾನುವಾರ ಅವಳೇ ಓದಿ ಬರೆಯುತ್ತಾಳೆ. ತಿಂಗಳಿಗೆ ಸುಮಾರು 140 ಯೂನಿಟ್ ಇದ್ದದ್ದು 105ಕ್ಕೆ ಬಂದಿದೆ. ಗೀಸರ್ ಸ್ವಿಚ್ ಈಗ ಅವಳದೇ ಆಳ್ವಿಕೆ.

ಬಯೋ ಎಂಜೈಮ್ ಎಲ್ಲರೂ ಮಾಡುವ ಲೆಕ್ಕವೇ, ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು. ನಿಂಬೆ, ಮೋಸಂಬಿ ಸಿಪ್ಪೆ ಜ್ಯೂಸ್ ಅಂಗಡಿಯಲ್ಲಿ ಸುಮ್ನೆ ಕೊಡುತ್ತಾರೆ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಬೇಕು. ನಾನು ಊರಿಗೆ ಹೋಗಿ ಮೂರು ದಿನ ಬಿಟ್ಟಿದ್ದಕ್ಕೆ ಬಾಟಲಿ ಸಿಡಿದು ಸೀಲಿಂಗ್‌ವರೆಗೆ ಸಿಪ್ಪೆ ಹಾರಿತ್ತು. ನೆಲಕ್ಕೆ, ಸಿಂಕಿಗೆ ಚೆನ್ನಾಗಿದೆ. ಬಟ್ಟೆಗೆ ಅಂಟುವಾಳಕಾಯಿ ಪ್ರಯೋಗ ಮಾಡಿದೆ. ಬಣ್ಣದ ಬಟ್ಟೆಗೆ ಸರಿ, ಮಗಳ ಬಿಳಿ ಯೂನಿಫಾರ್ಮ್ ನಮ್ಮ ಗಡಸು ನೀರಿನಲ್ಲಿ ಮಂಕಾಯಿತು. ಬಿಳಿ ಬಟ್ಟೆಗೆ ಈಗಲೂ ಸೋಪೇ.

ಉಳಿದ ಎರಡು ಮಂಡಲದಲ್ಲಿ ಒಂದು ಮುಟ್ಟಿನ ಬಟ್ಟೆ ಪ್ಯಾಡ್‌ಗೆ, ಇನ್ನೊಂದು ಹೊಸದು ಕೊಳ್ಳುವ ಮೊದಲು ಹದಿನೈದು ದಿನ ಕಾಯೋದಕ್ಕೆ ಹೋಯಿತು. ಎರಡನೆಯದರಲ್ಲಿ ದೀಪಾವಳಿ ಬಂದು ನಾಲ್ಕು ದಿನ ತಪ್ಪಿತು, ಕೊನೆಗೆ ನಾಲ್ಕು ದಿನ ಸೇರಿಸಿದೆ.

ದುಡ್ಡಿನ ಲೆಕ್ಕ ಕೇಳುತ್ತೀರಿ ಅಂತ ಗೊತ್ತು. ಮೂರನೇ ಪ್ರಯತ್ನಕ್ಕೆ ವರ್ಷವೆಲ್ಲ ಸೇರಿ ಎರಡೂವರೆ ಸಾವಿರ ಖರ್ಚಾಗಿರಬಹುದು. ಗ್ಯಾಸ್, ನೆಲ ಒರೆಸುವ ಫಿನಾಯಿಲ್, ಪ್ಯಾಡ್, ಟ್ಯಾಂಕರಿನ ನಮ್ಮ ಪಾಲು ಎಲ್ಲ ನೋಡಿದರೆ ತಿಂಗಳಿಗೆ ಎಂಟುನೂರು, ಒಂಬೈನೂರು ಉಳಿದಿದೆ. ಗೊಬ್ಬರ ಎಪ್ಪತ್ತು ಕೆಜಿ ಮೇಲೆ ಬಂತು. ಹದಿನೈದು ಕೆಜಿ ಕೊಂಡವರು ಯಾರು ಗೊತ್ತಾ? ಅವತ್ತು ಮಾಲೀಕರಿಗೆ ಫೋನ್ ಮಾಡಿದ್ದ ಪಕ್ಕದ ಮನೆಯವರೇ, ಕೆಜಿಗೆ ಇಪ್ಪತ್ತರಂತೆ.

ಈ ಜನವರಿಯ ಅವರೆಕಾಯಿ ಕಾಲ ವಾಸನೆ ಇಲ್ಲದೆ ಕಳೆಯಿತು. ಆದರೆ ಕೂಡಿಟ್ಟ ಎಲೆ ಡಿಸೆಂಬರ್‌ಗೇ ಮುಗಿದು ಮತ್ತೆ ನಾರಿನ ಪುಡಿ ಕೊಳ್ಳಬೇಕಾಯಿತು. ಆರು ಚೀಲ ಸಾಲದು. ಬೀದಿ ಕೊನೆಯ ಮಳೆಮರ ಈ ವಾರ ಎಲೆ ಉದುರಿಸೋಕೆ ಶುರು ಮಾಡಿದೆ. ಪೌರಕಾರ್ಮಿಕ ಅಕ್ಕನಿಗೆ ಹೇಳಿಟ್ಟಿದ್ದೇನೆ. ಭಾನುವಾರ ಬೆಳಿಗ್ಗೆ ಎಂಟು ಗೋಣಿಚೀಲ ಹಿಡಿದು ನಾನೂ ಮಗಳೂ ಹೋಗುತ್ತಿದ್ದೇವೆ.