ಏರ್‌ಬ್ಯಾಗ್ ದೀಪ ಆರದಿದ್ದರೆ ಎಲ್ಲಿಂದ ಹುಡುಕಬೇಕು?

ಕಾರಿನ ಕೀ ತಿರುಗಿಸಿದೊಡನೆ ಡ್ಯಾಶ್‌ಬೋರ್ಡಿನಲ್ಲಿ, ಕುಳಿತ ಮನುಷ್ಯನ ಎದುರು ದುಂಡನೆಯ ಚೆಂಡೊಂದಿರುವ ಚಿತ್ರ ಕೆಲವು ಸೆಕೆಂಡು ಬೆಳಗಿ ಆರುತ್ತದೆ. ಅಷ್ಟರೊಳಗೆ ಏರ್‌ಬ್ಯಾಗಿನ ಕಂಪ್ಯೂಟರು ತನಗೆ ಸೇರಿದ ವೈರು, ಸೆನ್ಸರುಗಳನ್ನೆಲ್ಲ ಒಮ್ಮೆ ತಪಾಸಣೆ ಮಾಡಿ ಮುಗಿಸಿರುತ್ತದೆ. ದೀಪ ಆರದೇ ಉಳಿದರೆ, ಇಲ್ಲವೇ ದಾರಿಯಲ್ಲಿ ಮತ್ತೆ ಹೊತ್ತಿಕೊಂಡರೆ, ಆ ಜಾಲದಲ್ಲಿ ಎಲ್ಲೋ ದೋಷ ಕಂಡಿದೆ ಎಂದರ್ಥ. ಗಾಡಿ ಎಂದಿನಂತೆಯೇ ಓಡುವುದರಿಂದ ತಿಂಗಳುಗಟ್ಟಲೆ ಹಾಗೆಯೇ ಬಿಡುವವರಿದ್ದಾರೆ. ಆದರೆ ಆ ಸ್ಥಿತಿಯಲ್ಲಿ ಡಿಕ್ಕಿಯಾದರೆ ಏರ್‌ಬ್ಯಾಗ್ ತೆರೆದುಕೊಳ್ಳುತ್ತದೆಂದು ನಂಬಿಕೊಳ್ಳುವಂತಿಲ್ಲ.

ಮೊದಲು, ಉರಿಯುತ್ತಿರುವುದು ಯಾವ ದೀಪವೆಂದು ಖಚಿತಪಡಿಸಿಕೊಳ್ಳಬೇಕು. ಎದೆಯ ಮೇಲೆ ಓರೆಯಾಗಿ ಪಟ್ಟಿ ಹಾದುಹೋಗಿರುವ ಮನುಷ್ಯನ ಕೆಂಪು ಚಿತ್ರ ಸೀಟ್ ಬೆಲ್ಟಿನದು. ಪಕ್ಕದ ಸೀಟಿನಲ್ಲಿ ಯಾರೂ ಇಲ್ಲದಿದ್ದರೂ ಅದು ಉರಿಯುತ್ತಿದ್ದರೆ ಅಲ್ಲಿಟ್ಟ ಭಾರವಾದ ಚೀಲವನ್ನು ತೆಗೆದು ನೋಡಿ. ಸೀಟಿನೊಳಗಿನ ಸೆನ್ಸರು ಚೀಲವನ್ನೇ ಪ್ರಯಾಣಿಕನೆಂದು ತಿಳಿದಿರಬಹುದು. ಬೆಲ್ಟ್ ಹಾಕಿದ ಮೇಲೂ ದೀಪ ಆರದಿದ್ದರೆ ಬಕಲಿನ ಬಾಯಿಗೆ ಟಾರ್ಚ್ ಬಿಡಬೇಕು. ಬಕಲಿನೊಳಗೆ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಬಿದ್ದ ನಾಣ್ಯವೋ, ತಿಂಡಿಯ ಚೂರೋ, ಒಣಗಿ ಅಂಟಾದ ಸಿಹಿ ಪಾನೀಯವೋ ಬೆಲ್ಟಿನ ನಾಲಿಗೆ ಪೂರ್ತಿ ಕೆಳಗಿಳಿಯದಂತೆ ತಡೆದರೆ ಆ ಸ್ವಿಚ್ ಒತ್ತಿಕೊಳ್ಳುವುದಿಲ್ಲ. ಕಸ ಮೇಲೆಯೇ ಕಂಡರೆ ಪ್ಲಾಸ್ಟಿಕ್ ಚಿಮಟದಿಂದ ತೆಗೆಯಬಹುದು. ಎಣ್ಣೆಯನ್ನಂತೂ ಬಿಡಬಾರದು, ಅದು ಇನ್ನಷ್ಟು ಧೂಳನ್ನು ಹಿಡಿದಿಡುತ್ತದೆ.

ಇನ್ನು ಏರ್‌ಬ್ಯಾಗ್ ದೀಪದ ವಿಷಯ. ಇದರಲ್ಲಿ ಸ್ಪ್ಯಾನರಿಗಿಂತ ಮೊದಲು ಬೇಕಾದದ್ದು ನೆನಪು. ದೀಪ ಹೊತ್ತಿಕೊಳ್ಳುವ ಹಿಂದಿನ ದಿನ ಗಾಡಿಗೆ ಏನಾಯಿತು? ಸೀಟನ್ನು ಹಿಂದೆ ಮುಂದೆ ಸರಿಸಿದಿರಾ, ಬ್ಯಾಟರಿ ಇಳಿದಿತ್ತೇ, ಒಳಗೆ ನೀರು ನುಗ್ಗಿತ್ತೇ, ಸ್ಟೀರಿಯೊ ಬದಲಿಸಿದಿರಾ? ನನ್ನ ಕಾರಿನಲ್ಲಿ ದೀಪ ಹೊತ್ತಿದ್ದು ಸೀಟಿನ ಕೆಳಗೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ತೂರಿಸಿದ ಮರುದಿನ ಬೆಳಿಗ್ಗೆ. ಬಹುತೇಕ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್, ಬೆಲ್ಟನ್ನು ಬಿಗಿಗೊಳಿಸುವ ಪ್ರಿಟೆನ್ಷನರ್ ಮತ್ತು ಬಕಲ್ ಸ್ವಿಚ್‌ಗಳ ವೈರುಗಳು ಮುಂದಿನ ಸೀಟಿನ ಅಡಿಯಿಂದಲೇ ಹಾದುಹೋಗುತ್ತವೆ. ಏರ್‌ಬ್ಯಾಗಿಗೆ ಸಂಬಂಧಿಸಿದ ಕನೆಕ್ಟರುಗಳು ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿರುತ್ತವೆ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಟಾರ್ಚ್ ಹಿಡಿದು, ಹಳದಿ ಕನೆಕ್ಟರಿನ ಲಾಕ್ ಅರ್ಧ ತೆರೆದಿದೆಯೇ, ವೈರು ಸೀಟಿನ ಹಳಿಗೆ ಸಿಕ್ಕಿ ಜಜ್ಜಿದೆಯೇ, ಒಳಗೆ ಹಸಿರು ಕಿಲುಬು ಕಟ್ಟಿದೆಯೇ ಎಂದು ಕಣ್ಣಿನಿಂದಷ್ಟೇ ನೋಡಬೇಕು. ಏರ್‌ಬ್ಯಾಗನ್ನು ಸಿಡಿಸುವ ಪುಟ್ಟ ಕಿಡಿಸಾಧನದ ವಿದ್ಯುತ್ ರೋಧ (ರೆಸಿಸ್ಟೆನ್ಸ್) ಸುಮಾರು 2ರಿಂದ 3 ಓಮ್ ಅಷ್ಟೇ. ಆದ್ದರಿಂದ ಸಡಿಲ ಪಿನ್ನೊಂದು ಅದಕ್ಕೆ ಒಂದೆರಡು ಓಮ್ ಸೇರಿಸಿದರೂ ಕಂಪ್ಯೂಟರು ದೋಷವೆಂದು ದಾಖಲಿಸಿಬಿಡಬಹುದು.

ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ದೀಪ ಹೊತ್ತಿ ಆರುತ್ತಿದ್ದರೆ, ಜೊತೆಗೆ ಹಾರ್ನ್ ಅಥವಾ ಸ್ಟೀರಿಂಗ್ ಮೇಲಿನ ಬಟನ್‌ಗಳು ಕೈಕೊಟ್ಟಿದ್ದರೆ, ಅನುಮಾನ ಕ್ಲಾಕ್ ಸ್ಪ್ರಿಂಗಿನ ಮೇಲೆ ಬೀಳುತ್ತದೆ. ಸ್ಟೀರಿಂಗ್ ಎಷ್ಟು ಸುತ್ತಿದರೂ ಚಾಲಕನ ಏರ್‌ಬ್ಯಾಗಿಗೆ ವಿದ್ಯುತ್ ಸಂಪರ್ಕ ತಪ್ಪದಂತೆ ಸುರುಳಿ ಸುತ್ತಿಟ್ಟ ತೆಳು ಪಟ್ಟಿಯದು. ವರ್ಷಾನುಗಟ್ಟಲೆ ಮಡಿಸಿ ಬಿಚ್ಚಿ ಕೊನೆಗೊಮ್ಮೆ ಹರಿಯುತ್ತದೆ. ಬ್ಯಾಟರಿ ಸೋತಾಗ ವೋಲ್ಟೇಜ್ ಕುಸಿದೂ ದೀಪ ಹೊತ್ತುವುದುಂಟು.

ಊಹೆ ಇಲ್ಲಿಗೆ ನಿಲ್ಲಬೇಕು, ಮುಂದಿನದನ್ನು, ಕಾರಿನ ಕಂಪ್ಯೂಟರು ದಾಖಲಿಸಿದ ದೋಷದ ಕೋಡುಗಳನ್ನು ಓದುವ ಸ್ಕ್ಯಾನರೇ ಹೇಳಬೇಕು. ಅಗ್ಗದ ಸ್ಕ್ಯಾನರುಗಳು ಎಂಜಿನ್ನಿಗೆ ಸಂಬಂಧಿಸಿದ, 'ಪಿ' ಅಕ್ಷರದಿಂದ ಆರಂಭವಾಗುವ ಕೋಡುಗಳನ್ನು ಮಾತ್ರ ಓದುತ್ತವೆ. ಏರ್‌ಬ್ಯಾಗಿನ ಕೋಡುಗಳು ಹೆಚ್ಚಾಗಿ 'ಬಿ' ಅಕ್ಷರದವು. ಎಸ್‌ಆರ್‌ಎಸ್ ವ್ಯವಸ್ಥೆಯನ್ನು, ಎಂದರೆ ಏರ್‌ಬ್ಯಾಗ್ ಮತ್ತು ಪ್ರಿಟೆನ್ಷನರುಗಳ ಜಾಲವನ್ನು, ಓದಬಲ್ಲ ಯಂತ್ರವೇ ಎಂದು ಕೇಳಿಕೊಂಡೇ ಗಾಡಿಯನ್ನು ಮೆಕ್ಯಾನಿಕ್ಕಿಗೆ ಒಪ್ಪಿಸುವುದು ಒಳ್ಳೆಯದು. ಕೋಡನ್ನು ಅಳಿಸುವ ಮುನ್ನ ಬರೆದಿಟ್ಟುಕೊಳ್ಳಬೇಕು. 'ಚಾಲಕನ ಏರ್‌ಬ್ಯಾಗಿನಲ್ಲಿ ರೋಧ ಹೆಚ್ಚು' ಎಂದು ಬಂದರೆ ಏರ್‌ಬ್ಯಾಗೇ ಕೆಟ್ಟಿದೆ ಎಂದಲ್ಲ. ಕನೆಕ್ಟರು, ಕ್ಲಾಕ್ ಸ್ಪ್ರಿಂಗ್, ವೈರು ಎಲ್ಲವೂ ಆ ಸಾಲಿನಲ್ಲಿಯೇ ಇವೆ. ಏರ್‌ಬ್ಯಾಗನ್ನೇ ಬದಲಿಸಬೇಕೆಂದು ಮೊದಲ ಮಾತಿಗೇ ಹೇಳುವವರ ಬಳಿ ಮಿಕ್ಕವನ್ನು ಪರೀಕ್ಷಿಸಿದ್ದೀರಾ ಎಂದು ಕೇಳಲು ಸಂಕೋಚ ಬೇಡ. ಮೂಲ ದೋಷ ಸರಿಯಾದ ಮೇಲೂ ಹಲವು ಕಾರುಗಳಲ್ಲಿ ಕೋಡನ್ನು ಅಳಿಸುವವರೆಗೆ ದೀಪ ಆರುವುದಿಲ್ಲ, ಅದಕ್ಕೆ ಗಾಬರಿಯಾಗಬೇಕಿಲ್ಲ.

ಸ್ವಂತ ಕೈಯಿಂದ ಮಾಡಲೇಬಾರದ ಕೆಲಸಗಳೂ ಇವೆ. ಏರ್‌ಬ್ಯಾಗಿಗಾಗಲಿ ಪ್ರಿಟೆನ್ಷನರಿಗಾಗಲಿ ಮಲ್ಟಿಮೀಟರ್ ಮುಟ್ಟಿಸಬಾರದು. ಅಳೆಯಲೆಂದು ಮೀಟರ್ ಹರಿಸುವ ವಿದ್ಯುತ್ತೇ ಅದನ್ನು ಸಿಡಿಸುವ ಅಪಾಯವಿದೆ. ಹಳದಿ ಕನೆಕ್ಟರನ್ನು ಬಿಚ್ಚುವ ಮೊದಲು ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆದು, ತಯಾರಕರ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕಾಗುತ್ತದೆ. ಡಿಕ್ಕಿಯಲ್ಲಿ ಬ್ಯಾಟರಿ ಕಡಿದುಹೋದರೂ ಏರ್‌ಬ್ಯಾಗ್ ಕೆಲಸ ಮಾಡಲೆಂದು ಕಂಪ್ಯೂಟರಿನ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಕೆಲವು ಕಾರುಗಳಿಗೆ ಈ ಕಾಯುವ ಅವಧಿ 90 ಸೆಕೆಂಡು, ಕೆಲವಕ್ಕೆ 3 ನಿಮಿಷ, ಇನ್ನು ಕೆಲವಕ್ಕೆ ಅದಕ್ಕೂ ಹೆಚ್ಚು. ಅಭ್ಯಾಸವಿಲ್ಲದವರು ಇದನ್ನು ತಿಳಿದವರಿಗೇ ಬಿಡುವುದು ಲೇಸು.

ಹಳೆಯ ಕಾರು ಕೊಳ್ಳುವಾಗ ಕೀ ತಿರುಗಿಸಿ ಎಲ್ಲಕ್ಕಿಂತ ಮೊದಲು ಈ ದೀಪವನ್ನೇ ಗಮನಿಸಿ. ಉರಿಯುತ್ತಲೇ ಇರುವ ದೀಪಕ್ಕಿಂತ, ಒಮ್ಮೆಯೂ ಹೊತ್ತಿಕೊಳ್ಳದ ದೀಪ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಸಿಡಿದುಹೋದ ಏರ್‌ಬ್ಯಾಗನ್ನು ಬದಲಿಸದೆ ಬಲ್ಬನ್ನೇ ಕಿತ್ತುಹಾಕಿರುವ ಸಾಧ್ಯತೆ ಅಲ್ಲಿದೆ. ಹೊತ್ತಿಕೊಂಡರೂ ಪಕ್ಕದ ದೀಪದ ಜೊತೆಜೊತೆಗೇ ಆರಿದರೆ, ಎರಡಕ್ಕೂ ಒಂದೇ ವೈರು ಜೋಡಿಸಿರಬಹುದೆಂದು ಅನುಮಾನಿಸಿ, ಹಣ ಕೊಡುವ ಮೊದಲೇ ಸ್ಕ್ಯಾನ್ ಮಾಡಿಸಿ.