ಜಾವಾ ಇದ್ದರೂ ‘ಜಾವಾ ಸಿಗಲಿಲ್ಲ’ ಎಂದ ಸಾಫ್ಟ್‌ವೇರ್: ನಾನು ಸರಿಪಡಿಸಿದ ಬಗೆ

ಜಾವಾದಲ್ಲಿ ಬರೆದ ಪ್ರೋಗ್ರಾಂ ಓಡಲು ಜಾವಾ ರನ್‌ಟೈಮ್ ಎಂಬ ಸಾಫ್ಟ್‌ವೇರ್ ಬೇಕು. ‘ಜಾವಾ ರನ್‌ಟೈಮ್ ಸಿಗಲಿಲ್ಲ, ಇನ್‌ಸ್ಟಾಲ್ ಮಾಡಿ’ ಎಂಬ ಸಂದೇಶ ಕಂಡ ಕೂಡಲೇ ತುಂಬಾ ಜನ ಜಾವಾವನ್ನು ತೆಗೆದು ಮತ್ತೆ ಹಾಕುತ್ತಾರೆ. ಇದರಿಂದ ಸಮಸ್ಯೆ ಬಗೆಹರಿಯುವುದು ಅಪರೂಪ. ಜಾವಾ ಕಂಪ್ಯೂಟರಿನಲ್ಲಿ ಇಲ್ಲ ಎಂದು ಆ ಸಂದೇಶ ಹೇಳುತ್ತಿಲ್ಲ. ತಾನು ಹುಡುಕಿದ ಜಾಗದಲ್ಲಿ ಸಿಗಲಿಲ್ಲ ಎನ್ನುತ್ತಿದೆ, ಅಷ್ಟೇ. ಹಾಗಾದರೆ ಅದು ಹುಡುಕಿದ್ದು ಎಲ್ಲಿ? ನಾನು ಹಿಡಿದದ್ದು ಈ ಪ್ರಶ್ನೆಯನ್ನೇ.

ನನಗೆ ತೊಂದರೆ ಕೊಟ್ಟದ್ದು ಕೆಲಸಕ್ಕೆ ಬಳಸುವ ಹಳೆಯ ಸಾಫ್ಟ್‌ವೇರ್ ಒಂದು. ಹೊಸ ಕಂಪ್ಯೂಟರಿನಲ್ಲಿ 64 ಬಿಟ್ ವಿಂಡೋಸ್ ಇತ್ತು, ಜಾವಾ 17 ಕೂಡ ಇತ್ತು. (ವಿಂಡೋಸ್ ಮತ್ತು ಪ್ರೋಗ್ರಾಂಗಳಲ್ಲಿ ಹಳೆಯ 32 ಬಿಟ್, ಹೆಚ್ಚು ಮೆಮೊರಿ ಬಳಸಬಲ್ಲ 64 ಬಿಟ್ ಎಂದು ಎರಡು ಬಗೆ.) ಬೇರೆ ಜಾವಾ ಪ್ರೋಗ್ರಾಂಗಳೆಲ್ಲ ಚೆನ್ನಾಗಿ ಓಡುತ್ತಿದ್ದವು. ಇದೊಂದು ಮಾತ್ರ ತೆರೆಯಲೇ ಇಲ್ಲ.

ಮೊದಲು ಕಮಾಂಡ್ ಪ್ರಾಂಪ್ಟ್ ತೆರೆದು ‘ಜಾವಾ -ವರ್ಷನ್’ ಕೊಟ್ಟೆ. ವರ್ಷನ್ 17 ಎಂದು ತೋರಿಸಿತು, ಕೊನೆಯ ಸಾಲಿನಲ್ಲಿ ‘64 ಬಿಟ್ ಸರ್ವರ್ ವಿಎಂ’ ಎಂದಿತ್ತು. ಆ ಸಾಲನ್ನು ಯಾರೂ ಜಾಸ್ತಿ ಗಮನಿಸುವುದಿಲ್ಲ. ಆದರೆ ಅದು ಬಹಳ ಮುಖ್ಯ. 32 ಬಿಟ್ ಜಾವಾ ಆಗಿದ್ದರೆ ಅಲ್ಲಿ 64 ಬಿಟ್ ಎಂಬ ಮಾತೇ ಇರುವುದಿಲ್ಲ. ಆಮೇಲೆ ‘ವೇರ್ ಜಾವಾ’ ಎಂಬ ಕಮಾಂಡ್ ಕೊಟ್ಟೆ. ಪಾತ್‌ನಲ್ಲಿ (ಕಮಾಂಡ್ ಕೊಟ್ಟಾಗ ವಿಂಡೋಸ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಯಾವ ಯಾವ ಫೋಲ್ಡರ್‌ನಲ್ಲಿ ಜಾವಾ ಇದೆ ಎಂದು ಅದು ಸಾಲಾಗಿ ತೋರಿಸುತ್ತದೆ. ಮೊದಲು ಬಂದದ್ದೇ ಓಡುವುದು.

ಜಾವಾ ಯಾವ ಫೋಲ್ಡರ್‌ನಲ್ಲಿದೆ ಎಂದು ಪ್ರೋಗ್ರಾಂಗಳಿಗೆ ಹೇಳುವ ‘ಜಾವಾ ಹೋಮ್’ ವೇರಿಯಬಲ್ (ವಿಂಡೋಸ್‌ನ ಒಂದು ಸೆಟ್ಟಿಂಗ್) ಕೂಡ ನೋಡಿದೆ. ಅದು ಜಾವಾದ ಪ್ರೋಗ್ರಾಂ ಫೈಲ್‌ಗಳಿರುವ ಬಿನ್ ಫೋಲ್ಡರ್ ಅನ್ನು ತೋರಿಸಬಾರದು, ಬಿನ್ ಇರುವ ಮೇಲಿನ ಫೋಲ್ಡರ್ ಅನ್ನು ತೋರಿಸಬೇಕು. ಇನ್ನೊಂದು ವಿಷಯ: ವೇರಿಯಬಲ್ ಬದಲಿಸಿದರೆ ಆಗಲೇ ತೆರೆದಿರುವ ಕಮಾಂಡ್ ವಿಂಡೋಗೆ ಅದು ಗೊತ್ತಾಗುವುದಿಲ್ಲ. ಮುಚ್ಚಿ ಹೊಸದಾಗಿ ತೆರೆಯಬೇಕು. ನನ್ನಲ್ಲಿ ಇದೆಲ್ಲ ಸರಿಯಾಗಿಯೇ ಇತ್ತು. ಅಂದರೆ ಈ ಸಾಫ್ಟ್‌ವೇರ್ ಪಾತ್ ಅನ್ನೂ ನೋಡುತ್ತಿಲ್ಲ, ಜಾವಾ ಹೋಮ್ ಅನ್ನೂ ನೋಡುತ್ತಿಲ್ಲ.

ಇಲ್ಲಿಂದ ಮುಂದೆ ಊಹೆ ಮಾಡುವುದನ್ನು ಬಿಟ್ಟು ಪ್ರೊಸೆಸ್ ಮಾನಿಟರ್ ಹಿಡಿದೆ. ಇದು ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಟೂಲ್‌ಗಳಲ್ಲಿ ಒಂದು, ಉಚಿತವಾಗಿ ಸಿಗುತ್ತದೆ. ಯಾವ ಪ್ರೋಗ್ರಾಂ ಯಾವ ಫೈಲ್ ತೆರೆಯಿತು, ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಮತ್ತು ಪ್ರೋಗ್ರಾಂಗಳ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಯಾವ ಕೀ, ಅಂದರೆ ಯಾವ ನಮೂದು, ಹುಡುಕಿತು, ಸಿಕ್ಕಿತೋ ಇಲ್ಲವೋ ಎಂಬುದೆಲ್ಲ ಇದರಲ್ಲಿ ಕಾಣುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು. ಫಿಲ್ಟರ್ ಹಾಕದಿದ್ದರೆ ಲಕ್ಷಗಟ್ಟಲೆ ಸಾಲು ಬಂದು ಏನೂ ತಿಳಿಯುವುದಿಲ್ಲ. ನಾನು ಎರಡು ಫಿಲ್ಟರ್ ಹಾಕಿದೆ: ಪ್ರೊಸೆಸ್ ಹೆಸರು ಆ ಸಾಫ್ಟ್‌ವೇರಿನದೇ ಆಗಿರಬೇಕು, ಅದು ಹುಡುಕಿದ ಫೈಲ್ ಅಥವಾ ಕೀಯ ವಿಳಾಸದಲ್ಲಿ (ಇಲ್ಲಿನ ‘ಪಾತ್’ ಕಾಲಂ) ‘ಜಾವಾ’ ಎಂಬ ಪದ ಇರಬೇಕು. ಆಮೇಲೆ ಸಾಫ್ಟ್‌ವೇರ್ ತೆರೆದೆ. ಅದೇ ಸಂದೇಶ ಬಂತು. ಆದರೆ ಈ ಸಲ ಕಾರಣವೂ ಎದುರಿಗೇ ಇತ್ತು.

‘ನೇಮ್ ನಾಟ್ ಫೌಂಡ್’ (ಆ ಹೆಸರಿನದು ಸಿಗಲಿಲ್ಲ) ಎಂದು ಬಂದ ಸಾಲುಗಳು ಕೆಲವೇ. ಅವು ಹೋಗಿದ್ದು ರಿಜಿಸ್ಟ್ರಿಯ ಸಾಫ್ಟ್‌ವೇರ್, ವಾವ್6432ನೋಡ್, ಜಾವಾಸಾಫ್ಟ್, ಜಾವಾ ರನ್‌ಟೈಮ್ ಎನ್ವಿರಾನ್‌ಮೆಂಟ್ ಎಂಬ ದಾರಿಯಲ್ಲಿ. ಇದರಲ್ಲಿ ಎರಡು ಕಾರಣಗಳು ಅಡಗಿವೆ.

ಒಂದು, ವಾವ್6432ನೋಡ್. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಪ್ರೋಗ್ರಾಂ ರಿಜಿಸ್ಟ್ರಿ ಓದಲು ಹೋದರೆ ವಿಂಡೋಸ್ ಅದನ್ನು ಈ ಬೇರೆ ಭಾಗಕ್ಕೆ ಕಳಿಸುತ್ತದೆ. 64 ಬಿಟ್ ಜಾವಾ ತನ್ನ ವಿಳಾಸವನ್ನು ಬರೆದಿಡುವುದು ಮುಖ್ಯ ಭಾಗದಲ್ಲಿ. ಒಂದೇ ಮನೆಯಲ್ಲಿದ್ದೂ ಇಬ್ಬರೂ ಬೇರೆ ಬೇರೆ ಬೀರು ತೆಗೆದು ನೋಡಿದ ಹಾಗೆ. ಸಾಫ್ಟ್‌ವೇರ್ 32 ಬಿಟ್ ಹೌದೋ ಅಲ್ಲವೋ ಎಂದು ಖಚಿತ ಮಾಡಿಕೊಳ್ಳಲು, ತಪ್ಪಿನ ಸಂದೇಶವನ್ನು ಮುಚ್ಚದೆ ಹಾಗೆಯೇ ಬಿಟ್ಟು ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ಗೆ ಹೋಗಿ ‘ಪ್ಲಾಟ್‌ಫಾರ್ಮ್’ ಕಾಲಂ ಸೇರಿಸಿ ನೋಡಿ. ನನ್ನದು 32 ಬಿಟ್ ಎಂದೇ ತೋರಿಸಿತು.

ಎರಡು, ಕೀಯ ಹೆಸರು. ಜಾವಾ 8ರವರೆಗೆ ‘ಜಾವಾ ರನ್‌ಟೈಮ್ ಎನ್ವಿರಾನ್‌ಮೆಂಟ್’ ಎಂಬ ಉದ್ದ ಹೆಸರಿತ್ತು. 2017ರಲ್ಲಿ ಬಂದ ಜಾವಾ 9ರಿಂದ ಅದು ಬರೀ ‘ಜೆಆರ್‌ಇ’ (ರನ್‌ಟೈಮ್), ‘ಜೆಡಿಕೆ’ (ಪ್ರೋಗ್ರಾಂ ಬರೆಯುವವರ ಟೂಲ್‌ಗಳೂ ಸೇರಿದ ಜಾವಾ) ಎಂದಾಯಿತು. ವರ್ಷನ್ ಬರೆಯುವ ರೀತಿಯೂ ಬದಲಾಯಿತು. ಮೊದಲು 1.8 ಎಂದು ಬರೆಯುತ್ತಿದ್ದರು, ಈಗ ನೇರವಾಗಿ 9, 11, 17. 1.8 ಎಂಬುದನ್ನೇ ಹುಡುಕುವ ಹಳೆಯ ಲಾಂಚರ್‌ಗೆ (ಜಾವಾ ಹುಡುಕಿ ಸಾಫ್ಟ್‌ವೇರ್ ಶುರು ಮಾಡುವ ಪುಟ್ಟ ಪ್ರೋಗ್ರಾಂ) 17 ಎಂದರೆ ಏನೆಂದೇ ತಿಳಿಯುವುದಿಲ್ಲ.

ರಿಜಿಸ್ಟ್ರಿಯಲ್ಲಿ ಆ ಕೀಯನ್ನು ಕೈಯಿಂದಲೇ ಸೇರಿಸಿ 64 ಬಿಟ್ ಜಾವಾದ ಫೋಲ್ಡರ್ ತೋರಿಸಿದರೆ ಆಯ್ತಲ್ವಾ ಎಂದು ಕೆಲವರು ಕೇಳುತ್ತಾರೆ. ಲಾಂಚರ್ ಜಾವಾದ ಡಿಎಲ್‌ಎಲ್ (ಬೇರೆ ಪ್ರೋಗ್ರಾಂಗಳು ಬಳಸುವ ಕೋಡ್ ಇರುವ ಫೈಲ್) ಅನ್ನು ತನ್ನೊಳಗೇ ಲೋಡ್ ಮಾಡುವ ಬಗೆಯದಾಗಿದ್ದರೆ ಇದು ನಡೆಯುವುದಿಲ್ಲ. 32 ಬಿಟ್ ಪ್ರೊಸೆಸ್ 64 ಬಿಟ್ ಡಿಎಲ್‌ಎಲ್ ಅನ್ನು ಲೋಡ್ ಮಾಡಲಾರದು. ಸಂದೇಶ ಬದಲಾಗುತ್ತದೆ, ಸಾಫ್ಟ್‌ವೇರ್ ಮಾತ್ರ ತೆರೆಯುವುದಿಲ್ಲ.

ಆದ್ದರಿಂದ 32 ಬಿಟ್ ಜಾವಾ 8 ಅನ್ನೇ ಹಾಕಿದೆ. ಉಚಿತವಾಗಿ ಸಿಗುವ ಜಾವಾಗಳಲ್ಲಿ ಒಂದಾದ ಎಕ್ಲಿಪ್ಸ್ ಟೆಮುರಿನ್ ಆರಿಸಿಕೊಂಡೆ. ಅದರ ಇನ್‌ಸ್ಟಾಲರ್‌ನಲ್ಲಿ ಸುಮ್ನೆ ‘ನೆಕ್ಸ್ಟ್’ ಒತ್ತುತ್ತಾ ಹೋದರೆ ಜಾವಾಸಾಫ್ಟ್ ಕೀಗಳು ರಿಜಿಸ್ಟ್ರಿಗೆ ಬರುವುದಿಲ್ಲ. ಆ ಆಯ್ಕೆಯನ್ನು ನಾವೇ ಆನ್ ಮಾಡಬೇಕು. ಅದನ್ನು ಆನ್ ಮಾಡಿದೆ, ಪಾತ್‌ಗೆ ಸೇರಿಸುವ ಆಯ್ಕೆಯನ್ನು ಆಫ್ ಮಾಡಿದೆ. ಉಳಿದ ಪ್ರೋಗ್ರಾಂಗಳು ಜಾವಾ 17ರಲ್ಲೇ ಇರಲಿ ಎಂದು. ಎರಡು ಜಾವಾ ಒಂದೇ ಕಂಪ್ಯೂಟರಿನಲ್ಲಿ ಯಾವ ಜಗಳವೂ ಇಲ್ಲದೆ ಇರುತ್ತವೆ.

ಈಗ ಜಾವಾ ಸಿಕ್ಕಿತು. ಆದರೆ ‘ಜಾವಾ ವರ್ಚುವಲ್ ಮೆಷಿನ್ ಶುರು ಮಾಡಲಾಗಲಿಲ್ಲ’ ಎಂಬ ಬೇರೆ ಸಂದೇಶ ಬಂತು. ಇದು ಮೆಮೊರಿಯ ವಿಷಯ. ಸಾಫ್ಟ್‌ವೇರ್ ಜೊತೆಗಿದ್ದ ಸೆಟ್ಟಿಂಗ್ ಫೈಲ್‌ನಲ್ಲಿ ಹೀಪ್ (ಜಾವಾ ಪ್ರೋಗ್ರಾಂ ತನ್ನ ಡೇಟಾಗೆ ಬಳಸುವ ಮೆಮೊರಿ) ಗಾತ್ರ 2048 ಎಂಬಿ ಎಂದಿತ್ತು. ವಿಂಡೋಸ್‌ನಲ್ಲಿ 32 ಬಿಟ್ ಜಾವಾಗೆ ಸಾಮಾನ್ಯವಾಗಿ ಸಿಗುವುದು 1.5 ಜಿಬಿ ಆಸುಪಾಸು. ಹೀಪ್ ಗಾತ್ರವನ್ನು 1024ಕ್ಕೆ ಇಳಿಸಿದ ಮೇಲೆ ಸಾಫ್ಟ್‌ವೇರ್ ತೆರೆಯಿತು.

ಜಾವಾ ಬದಲು ಮೈಕ್ರೋಸಾಫ್ಟ್‌ನ ಡಾಟ್ ನೆಟ್ ರನ್‌ಟೈಮ್ ಕೇಳುವ ಸಾಫ್ಟ್‌ವೇರ್‌ಗೂ ಇದೇ ದಾರಿ. ‘ಡಾಟ್‌ನೆಟ್ --ಲಿಸ್ಟ್-ರನ್‌ಟೈಮ್ಸ್’ ಕೊಟ್ಟರೆ ಇರುವ ರನ್‌ಟೈಮ್‌ಗಳು ಕಾಣುತ್ತವೆ. ವಿಂಡೋ ಇರುವ ಪ್ರೋಗ್ರಾಂಗೆ ಸಾಮಾನ್ಯವಾಗಿ ಸಾದಾ ರನ್‌ಟೈಮ್ ಸಾಲದು, ಡೆಸ್ಕ್‌ಟಾಪ್ ರನ್‌ಟೈಮ್ ಬೇಕು. ಡಾಟ್ ನೆಟ್ 6 ಕೇಳುವುದಕ್ಕೆ 8 ಇದ್ದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಆ ಸಾಫ್ಟ್‌ವೇರ್ ಮಾಡಿದವರಿಗೆ ಪ್ರೊಸೆಸ್ ಮಾನಿಟರ್‌ನ ಆ ಸಾಲುಗಳನ್ನೇ ಸೇರಿಸಿ ಬರೆದೆ. ಜೆಪ್ಯಾಕೇಜ್ ಎಂಬ ಟೂಲ್ 2021ರಲ್ಲಿ ಬಂದ ಜಾವಾ 16ರಿಂದ ಜೆಡಿಕೆಯ ಖಾಯಂ ಭಾಗವಾಗಿದೆ. ಬೇಕಾದ ಜಾವಾವನ್ನು ಸಾಫ್ಟ್‌ವೇರಿನ ಒಳಗೇ ಇಟ್ಟು ಅದು ಇನ್‌ಸ್ಟಾಲರ್ ಮಾಡಿಕೊಡುತ್ತದೆ. ಮುಂದಿನ ವರ್ಷನ್ ಅನ್ನು ಹಾಗೆ ಕೊಡಿ ಎಂದು ಕೇಳಿದ್ದೇನೆ.